ನಮ್ಮ ಹೆಣ್ಣುಮಕ್ಕಳು ಹಾಗೆ ಮಾಡೋದಿಲ್ಲ

2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅತ್ಯಾಚಾರದ ಆರೋಪ ಹೊತ್ತ ಒಬ್ಬನಿಗೆ ನಿರೀಕ್ಷಣಾ ಜಾಮೀನು ಕೊಟ್ಟಿತು. ಜಾಮೀನು ಸಿಗುವುದು ದೊಡ್ಡ ಸುದ್ದಿಯೇನಲ್ಲ. ಸುದ್ದಿಯಾದದ್ದು ಆದೇಶದಲ್ಲಿದ್ದ ಒಂದು ಮಾತು. ಘಟನೆ ಆದ ಮೇಲೆ ಸುಸ್ತಾಗಿ ನಿದ್ದೆ ಹೋದೆ ಅಂತ ದೂರು ಕೊಟ್ಟ ಮಹಿಳೆ ಹೇಳಿದ್ದರು. ಈ ವಿವರಣೆ ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ, ಅತ್ಯಾಚಾರವಾದಾಗ ನಮ್ಮ ಹೆಣ್ಣುಮಕ್ಕಳು ನಡೆದುಕೊಳ್ಳುವ ರೀತಿ ಇದಲ್ಲ ಎಂದು ಆದೇಶದಲ್ಲಿ ಬರೆದಿತ್ತು. ದೇಶದಲ್ಲೆಲ್ಲ ಗಲಾಟೆಯಾಯಿತು. ಕೆಲವೇ ದಿನಗಳಲ್ಲಿ ಆ ಮಾತನ್ನು ತೆಗೆದುಹಾಕಿದರು. ಜಾಮೀನು ಹಾಗೇ ಉಳಿಯಿತು.

ನಾನು ಕಾನೂನು ಓದಿದವಳಲ್ಲ. ತೀರ್ಪುಗಳನ್ನು ಕಥೆ ಓದಿದ ಹಾಗೆ ಓದುವ ಚಟ ಇದೆ, ಅಷ್ಟೆ. ಆ ಮಾತು ಓದಿದಾಗ ಸಿಟ್ಟಂತೂ ಬಂತು. ಆದರೆ ಸಿಟ್ಟು ಇಳಿದ ಮೇಲೂ ಅದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಇದು ಎಂಥ ವಾಕ್ಯ? ಇದು ನಿಜವೋ ಸುಳ್ಳೋ ಅಂತ ಯಾರಾದರೂ ಹೋಗಿ ನೋಡಿಕೊಂಡು ಬರಬಹುದಾ?

ಅದು ಹೇಗಿದೆ ನೋಡಿ. "ಎಲ್ಲ ಹೆಂಗಸರೂ" ಅಂತಿಲ್ಲ. "ನೂರಕ್ಕೆ ತೊಂಬತ್ತು" ಅಂತಲೂ ಇಲ್ಲ. ಸುಮ್ನೆ "ನಮ್ಮ ಹೆಣ್ಣುಮಕ್ಕಳು". ಲೆಕ್ಕ ಕೊಡದೆ ಇಡೀ ಗುಂಪಿನ ಮೇಲೆ ಹೇಳುವ ಇಂಥ ಮಾತುಗಳನ್ನು ನಾವು ಬೆಳಗಿಂದ ಸಂಜೆವರೆಗೆ ಆಡುತ್ತೇವೆ. ನಾಯಿ ಬೊಗಳುತ್ತೆ. ಬೆಂಗಳೂರಿನವರಿಗೆ ಪುರುಸೊತ್ತಿಲ್ಲ. ಗಂಡಸರಿಗೆ ಅಡುಗೆ ಬರಲ್ಲ. ಭಾಷೆಯ ತತ್ವಶಾಸ್ತ್ರ ಓದುವವರು ಇವನ್ನು ಜೆನೆರಿಕ್ ವಾಕ್ಯಗಳು ಅನ್ನುತ್ತಾರೆ. ಔಷಧಿ ಅಂಗಡಿಯ ಜೆನೆರಿಕ್‌ಗೂ ಇದಕ್ಕೂ ಸಂಬಂಧ ಇಲ್ಲ.

ಇವುಗಳ ಹುಚ್ಚಾಟವನ್ನು ಚೆನ್ನಾಗಿ ಬಿಡಿಸಿ ತೋರಿಸಿದವರಲ್ಲಿ ಸಾರಾ-ಜೇನ್ ಲೆಸ್ಲಿ ಒಬ್ಬರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತತ್ವಶಾಸ್ತ್ರಜ್ಞೆ. ಬಾತುಕೋಳಿ ಮೊಟ್ಟೆ ಇಡುತ್ತೆ ಅಂದರೆ ಎಲ್ಲರೂ ಹೌದು ಅನ್ನುತ್ತೇವೆ. ಗಂಡು ಬಾತು ಇಡುವುದಿಲ್ಲ, ಮರಿಗಳು ಇಡುವುದಿಲ್ಲ, ಅಂದರೆ ಅರ್ಧಕ್ಕಿಂತ ಕಡಿಮೆ ಬಾತುಗಳು ಮಾತ್ರ ಮೊಟ್ಟೆ ಇಡುತ್ತವೆ. ಆದರೂ ಮಾತು ಸರಿ ಅನಿಸುತ್ತದೆ. ಅದೇ "ಬಾತುಕೋಳಿಗಳು ಹೆಣ್ಣು" ಅಂದು ನೋಡಿ. ಲೆಕ್ಕದಲ್ಲಿ ಇದು ಮೊದಲಿನದಕ್ಕಿಂತ ಜಾಸ್ತಿ ಬಾತುಗಳಿಗೆ ಹೊಂದುತ್ತದೆ, ಆದರೆ ಯಾರೂ ಒಪ್ಪಲ್ಲ. ಇನ್ನೊಂದು: ಸೊಳ್ಳೆಗಳು ವೆಸ್ಟ್ ನೈಲ್ ವೈರಸ್ ಹರಡುತ್ತವೆ. ನೂರರಲ್ಲಿ ಒಂದು ಸೊಳ್ಳೆಯಲ್ಲೂ ಆ ವೈರಸ್ ಇರುವುದಿಲ್ಲ. ಆದರೂ ತಲೆಯಾಡಿಸುತ್ತೇವೆ. ಎಷ್ಟಿದ್ದರೆ ಸಾಕು ಅನ್ನುವುದಕ್ಕೆ ಇಲ್ಲಿ ಅಳತೆಗೋಲೇ ಇಲ್ಲ. ಭಯ ಹುಟ್ಟಿಸುವ ವಿಷಯವಾದರೆ ನಾಲ್ಕು ಉದಾಹರಣೆ ಸಿಕ್ಕರೆ ಸಾಕು, ಇಡೀ ಕುಲಕ್ಕೇ ಅಂಟಿಸಿಬಿಡುತ್ತೇವೆ ಅಂತ ಲೆಸ್ಲಿ ಹೇಳುತ್ತಾರೆ. ಯಾವ ಧರ್ಮದವರ ಬಗ್ಗೆ, ಯಾವ ಊರಿನವರ ಬಗ್ಗೆ ನಮ್ಮ ಮನೆಗಳಲ್ಲಿ ಇಂಥ ಮಾತು ಓಡಾಡುತ್ತದೆ ಅಂತ ನಾನು ಹೇಳಬೇಕಿಲ್ಲ ಅಲ್ವಾ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. "ಎಲ್ಲ ಬಾತುಗಳೂ ಬಿಳಿ" ಅಂದರೆ ಒಂದೇ ಒಂದು ಕರಿ ಬಾತು ತಂದು ನಿಲ್ಲಿಸಿದರೆ ಆ ಮಾತು ಬಿತ್ತು. ಜೆನೆರಿಕ್ ಮಾತು ಹಾಗೆ ಬೀಳುವುದಿಲ್ಲ. ಅಪವಾದಗಳನ್ನೆಲ್ಲ ನುಂಗಿಕೊಂಡು ಅದು ಆರಾಮಾಗಿ ಇರುತ್ತದೆ. ಈಗ ಆ ಜಾಮೀನು ಆದೇಶಕ್ಕೆ ಬನ್ನಿ. ನಮ್ಮ ಹೆಣ್ಣುಮಕ್ಕಳು ಹಾಗೆ ಮಾಡೋದಿಲ್ಲ. ಎದುರಿಗೆ ಒಬ್ಬ ಹೆಣ್ಣುಮಗಳು, ನಾನು ಹಾಗೆ ಮಾಡಿದೆ ಅನ್ನುತ್ತಿದ್ದಾರೆ. ತರ್ಕ ಸರಿ ಇದ್ದಿದ್ದರೆ ಅವರ ಮಾತಿನಿಂದ ಆ ವಾಕ್ಯ ಮುರಿಯಬೇಕಿತ್ತು. ವಾಕ್ಯಕ್ಕೆ ಏನೂ ಆಗಲಿಲ್ಲ. ಅನುಮಾನ ಬಿದ್ದದ್ದು ಅವರ ಮೇಲೆ. ನಂಬಿಕೆ ಒಂದು ಕಡೆ, ಸಾಕ್ಷಿ ಒಂದು ಕಡೆ ನಿಂತಾಗ ಸಾಕ್ಷಿಯನ್ನೇ ಹೊರಗೆ ಕಳಿಸುವ ಶಕ್ತಿ ಈ ಪುಟ್ಟ ವಾಕ್ಯಕ್ಕೆ ಇದೆ.

ಇನ್ನೊಂದು ಗುಣವೂ ಇದೆ ಇದಕ್ಕೆ. ಹೀಗಿದೆ ಅಂತ ಹೇಳುತ್ತಾ ಹೇಳುತ್ತಾ ಹೀಗಿರಬೇಕು ಅಂತಲೂ ಹೇಳಿಬಿಡುತ್ತದೆ. ಚಿಕ್ಕವಳಿದ್ದಾಗ ಜೋರಾಗಿ ನಕ್ಕರೆ ಅಜ್ಜಿ "ಹೆಣ್ಣುಮಕ್ಕಳು ಹಂಗೆ ನಗಲ್ಲ" ಅನ್ನುತ್ತಿದ್ದರು. ನಾನು ಆಗಲೇ ನಕ್ಕಾಗಿತ್ತು. ಅಜ್ಜಿ ಜಗತ್ತಿನ ವರದಿ ಕೊಡುತ್ತಿರಲಿಲ್ಲ, ಬಾಯಿ ಮುಚ್ಚು ಅನ್ನುತ್ತಿದ್ದರು. ಬಾಯಿ ಮುಚ್ಚು ಅಂತ ನೇರವಾಗಿ ಅಂದಿದ್ದರೆ ನಾನು ಯಾಕೆ ಅಂತ ಕೇಳಬಹುದಿತ್ತು.

ಇಂಥ ಮಾತು ಮಕ್ಕಳ ತಲೆಯಲ್ಲಿ ಹೇಗೆ ಬೇರು ಬಿಡುತ್ತದೆ ಅಂತ ಮಾರ್ಜೋರಿ ರೋಡ್ಸ್, ಲೆಸ್ಲಿ ಮತ್ತು ಅವರ ಜೊತೆಯವರು 2012ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. "ಜಾರ್ಪಿ" ಅನ್ನುವ, ಎಲ್ಲೂ ಇಲ್ಲದ ಒಂದು ಜನರ ಗುಂಪನ್ನು ಕಟ್ಟಿದರು. ಅದರಲ್ಲಿ ಎಲ್ಲ ಬಣ್ಣದವರೂ, ಎಲ್ಲ ವಯಸ್ಸಿನವರೂ ಇದ್ದರು. ನಾಲ್ಕು ವರ್ಷದ ಕೆಲವು ಮಕ್ಕಳಿಗೆ ಚಿತ್ರ ತೋರಿಸಿ "ಜಾರ್ಪಿಗಳು ಕೆಂಪು ಚುಕ್ಕೆಹುಳಕ್ಕೆ ಹೆದರುತ್ತಾರೆ" ಅಂತ ಓದಿದರು. ಇನ್ನು ಕೆಲವರಿಗೆ "ಈ ಜಾರ್ಪಿ ಚುಕ್ಕೆಹುಳಕ್ಕೆ ಹೆದರುತ್ತಾನೆ" ಅಂತ. ಚಿತ್ರ ಅವೇ. ಮೊದಲ ಗುಂಪಿನ ಮಕ್ಕಳು ಜಾರ್ಪಿಗಳನ್ನು ಹುಟ್ಟಿನಿಂದಲೇ ಬೇರೆ ಥರದ ಜನ ಅಂತ ನೋಡತೊಡಗಿದರು. ದೊಡ್ಡವರ ಮೇಲೆ ಮಾಡಿದಾಗಲೂ ಅದೇ ಆಯಿತು. ಇಲ್ಲಿ ಬೈಗುಳ ಇಲ್ಲ, ದ್ವೇಷ ಇಲ್ಲ. ವಾಕ್ಯದ ಆಕಾರ ಮಾತ್ರ ಬೇರೆ.

ನಮ್ಮಲ್ಲಿ ಯಾರನ್ನು ನಂಬಬೇಕು ಅನ್ನುವುದಕ್ಕೇ ಒಂದು ಗಾದೆ ಇದೆ. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು. ನ್ಯಾಯಾಲಯದ ಸಾಕ್ಷಿ ಕಾಯಿದೆಗಿಂತ ಹಳೆಯದಿರಬೇಕು ಇದು, ಕೆಲಸ ಮಾತ್ರ ಅದೇ. ಸಾಕ್ಷಿ ಏನು ಹೇಳಿದರು ಅನ್ನುವುದಕ್ಕೆ ಮೊದಲು ಸಾಕ್ಷಿಯ ಮುಖ ನೋಡು ಅನ್ನುತ್ತದೆ. ಗಂಡಸರಿಗೂ ಇದರಲ್ಲಿ ಅರ್ಧ ಪಾಲು ಏಟಿದೆ, ಅದನ್ನೂ ಹೇಳಬೇಕು.

ಈಗ ನನಗೆ ನಿಜವಾಗಲೂ ಆಶ್ಚರ್ಯ ತಂದ ವಿಷಯ. 1983ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪಿದೆ, ಭರವಾಡ ಭೋಗಿನ್‌ಭಾಯಿ ಹಿರ್ಜಿಭಾಯಿ ವಿರುದ್ಧ ಗುಜರಾತ್ ರಾಜ್ಯ. ಹೆಣ್ಣುಮಕ್ಕಳ ಪರವಾಗಿ ಬಂದ ದೊಡ್ಡ ತೀರ್ಪು ಅಂತ ಇದನ್ನು ಎತ್ತಿ ಹೇಳುತ್ತಾರೆ, ಹೇಳಬೇಕಾದದ್ದೇ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವಳು ಹೇಳಿದ ಮಾತಿಗೆ ಬೇರೆ ಪುರಾವೆಯ ಆಸರೆ ಇಲ್ಲ ಅಂತ ಅದನ್ನು ಒಪ್ಪದೇ ಇರುವುದನ್ನೇ ನಿಯಮ ಮಾಡಿಕೊಂಡರೆ ಅದು ಗಾಯದ ಮೇಲೆ ಬರೆ ಎಳೆದ ಹಾಗೆ, ಅಂತ ಆ ತೀರ್ಪು ಹೇಳಿತು. ಇಂಗ್ಲೆಂಡಿನ ಕಾನೂನಿನಲ್ಲಿ ಹದಿನೇಳನೇ ಶತಮಾನದಿಂದ ಒಂದು ಎಚ್ಚರಿಕೆ ಇತ್ತು. ಅತ್ಯಾಚಾರದ ಆರೋಪ ಮಾಡುವುದು ಸುಲಭ, ಸಾಬೀತು ಮಾಡುವುದು ಕಷ್ಟ ಅಂತ ಮ್ಯಾಥ್ಯೂ ಹೇಲ್ ಎಂಬ ನ್ಯಾಯಾಧೀಶರು ಬರೆದಿಟ್ಟಿದ್ದರು. ಆ ನೆರಳಿನಿಂದ ಈ ತೀರ್ಪು ಹೊರಗೆ ಬಂತು.

ಆದರೆ ಯಾಕೆ ನಂಬಬೇಕು ಅನ್ನುವುದಕ್ಕೆ ಅದು ಕೊಟ್ಟ ಕಾರಣ ಓದಿ. ಪಶ್ಚಿಮದ ಹೆಂಗಸರು ಹಣಕ್ಕಾಗಿಯೋ ಇನ್ಯಾವುದಕ್ಕೋ ಸುಳ್ಳು ಹೇಳಬಹುದು. ಭಾರತದ ಹೆಣ್ಣು ಹಾಗಲ್ಲ. ಸಂಪ್ರದಾಯದ ಸಮಾಜದಲ್ಲಿ ಬೆಳೆದವಳು, ಮಾನಕ್ಕೆ ಅಂಜುವವಳು, ಇಂಥದ್ದು ನಡೆಯಿತು ಅಂತ ಒಪ್ಪಿಕೊಳ್ಳುವುದಕ್ಕೇ ಹಿಂಜರಿಯುವವಳು. ಅಂಥವಳು ಬಾಯಿಬಿಟ್ಟು ಹೇಳಿದ್ದಾಳೆ ಅಂದರೆ ಅದು ನಿಜವೇ ಇರಬೇಕು. ಒಟ್ಟಾರೆ ಇದು ಪೇಟೆಗೂ ಹಳ್ಳಿಗೂ ಹೊಂದುವ ಮಾತು, ಅಪವಾದಗಳಿರಬಹುದು ಅಂತಲೂ ಸೇರಿಸಿತು. ಎಂಥಾ ಪಕ್ಕಾ ಜೆನೆರಿಕ್ ನೋಡಿ.

ಅಂದರೆ 1983ರಲ್ಲಿ ನಂಬಿಕೆ ತಂದುಕೊಟ್ಟ ಚಿತ್ರವೇ 2020ರಲ್ಲಿ ನಂಬಿಕೆ ಕಿತ್ತುಕೊಂಡಿತು. ನಮ್ಮ ಹೆಣ್ಣು ಹೀಗೆ ಅಂತ ಅಂದು ಬಾಗಿಲು ತೆರೆಯಿತು. ನಮ್ಮ ಹೆಣ್ಣು ಹೀಗಲ್ಲ ಅಂತ ಇಂದು ಮುಚ್ಚಿತು. ಮಾನಕ್ಕೆ ಅಂಜುವ ಹೆಣ್ಣಿನ ಹಾಗೆ ಕಂಡರೆ ಮಾತ್ರ ಬೆಲೆ ಸಿಗುತ್ತದೆ ಅನ್ನುವುದಾದರೆ, ಅಂಜದವಳ ಗತಿ ಏನು? ಅತ್ತು ಕರೆದು ಮಾಡದೆ, ಸುಸ್ತಾಗಿ ಮಲಗಿಬಿಟ್ಟವಳದ್ದು? ಸ್ತ್ರೀವಾದಿಗಳು ಆ 2020ರ ಮಾತನ್ನು ಸರಿಯಾಗಿಯೇ ಝಾಡಿಸಿದರು. 1983ರ ಮಾತಿಗೆ ಅಷ್ಟು ಜನ ತಕರಾರು ಎತ್ತಲಿಲ್ಲ, ಯಾಕಂದರೆ ಅದು ನಮ್ಮ ಕಡೆ ಇತ್ತು. ನನ್ನ ಪ್ರಕಾರ ಎರಡನ್ನೂ ಒಟ್ಟಿಗೇ ಪ್ರಶ್ನಿಸದಿದ್ದರೆ ಒಂದನ್ನೂ ಪ್ರಶ್ನಿಸಿದ ಹಾಗಲ್ಲ.

"ನಮ್ಮ" ಅನ್ನುವುದರೊಳಗೆ ಯಾರೆಲ್ಲ ಬರುತ್ತಾರೆ ಅನ್ನುವುದು ಇನ್ನೊಂದು ಕಥೆ. ರಾಜಸ್ಥಾನದ ಭಟೇರಿ ಹಳ್ಳಿಯ ಭಂವರಿ ದೇವಿ ಬಾಲ್ಯವಿವಾಹ ತಡೆಯುವ ಸರ್ಕಾರಿ ಕೆಲಸ ಮಾಡುತ್ತಿದ್ದರು. ಆ ಕಾರಣಕ್ಕೇ 1992ರಲ್ಲಿ ಅವರ ಮೇಲೆ ಗುಂಪು ಅತ್ಯಾಚಾರವಾಯಿತು ಎಂಬುದು ಅವರ ದೂರು. ಕುಂಬಾರ ಜಾತಿಯವರು ಅವರು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಮೇಲ್ಜಾತಿಯವರು ಕೆಳಜಾತಿಯ ಹೆಂಗಸನ್ನು ಮುಟ್ಟುವುದಿಲ್ಲ, ಚಿಕ್ಕಪ್ಪನೂ ಅಣ್ಣನ ಮಗನೂ ಸೇರಿ ಇಂಥದ್ದು ಮಾಡುವುದಿಲ್ಲ, ಗಂಡನಾದವನು ನೋಡುತ್ತಾ ನಿಲ್ಲುವುದಿಲ್ಲ, ಈ ಥರದ ತರ್ಕ ಅದರಲ್ಲಿ ಇತ್ತು. ಮುಟ್ಟುವುದಿಲ್ಲ, ಮಾಡುವುದಿಲ್ಲ, ನಿಲ್ಲುವುದಿಲ್ಲ. ಒಂದರ ಮೇಲೊಂದು ಜೆನೆರಿಕ್ ಪೇರಿಸಿ ಗೋಡೆ ಕಟ್ಟಿದ್ದಾರೆ. ಆ ಪ್ರಕರಣದಿಂದಲೇ ಮುಂದೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 1997ರ ವಿಶಾಖಾ ಮಾರ್ಗಸೂಚಿ ಬಂತು, ಅದರಿಂದ 2013ರ ಕಾಯಿದೆ ಬಂತು. ಇವತ್ತು ಐಟಿ ಕಂಪನಿಗಳಲ್ಲಿ ಪೋಶ್ ತರಬೇತಿ ಅಂತ ವರ್ಷಕ್ಕೊಮ್ಮೆ ಕಂಪ್ಯೂಟರಿನಲ್ಲಿ ಕ್ಲಿಕ್ ಮಾಡಿ ಮುಗಿಸುತ್ತಾರಲ್ಲ, ಅದರ ಹಿಂದೆ ನಂಬದೇ ಹೋದ ಈ ಒಬ್ಬ ಹೆಂಗಸಿನ ಮಾತಿದೆ.

ಮಿರಾಂಡಾ ಫ್ರಿಕರ್ ಎಂಬ ಇಂಗ್ಲಿಷ್ ತತ್ವಶಾಸ್ತ್ರಜ್ಞೆ 2007ರ ಪುಸ್ತಕದಲ್ಲಿ ಈ ಅನ್ಯಾಯವನ್ನು ಟೆಸ್ಟಿಮೋನಿಯಲ್ ಇನ್‌ಜಸ್ಟಿಸ್, ಅಂದರೆ ಸಾಕ್ಷಿ ನುಡಿಗೆ ಆಗುವ ಅನ್ಯಾಯ, ಅಂತ ಕರೆದರು. ಹೇಳುವವರು ಯಾರು ಅನ್ನುವುದನ್ನು ನೋಡಿ ಅವರ ಮಾತಿನ ಬೆಲೆ ಇಳಿಸಿದರೆ, ಅದು ಅವರನ್ನು ತಿಳಿದವರು ಅಂತ ಲೆಕ್ಕಕ್ಕೇ ತೆಗೆದುಕೊಳ್ಳದ ಅನ್ಯಾಯ. ಹೊಡೆತ ಬಿದ್ದ ಹಾಗೆ ಕಾಣುವುದಿಲ್ಲ, ಎಷ್ಟೋ ಸಲ ಹೊಡೆದವರಿಗೇ ಗೊತ್ತಿರುವುದಿಲ್ಲ. ಇನ್ನೊಬ್ಬ ತತ್ವಶಾಸ್ತ್ರಜ್ಞೆ ಜೆನಿಫರ್ ಸೋಲ್ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋದರು. ಇಂಪ್ಲಿಸಿಟ್ ಬಯಾಸ್, ಅಂದರೆ ನಮಗೇ ಗೊತ್ತಿಲ್ಲದ ಹಾಗೆ ಒಳಗೆ ಕೂತ ಪೂರ್ವಗ್ರಹ, ನಿಜ ಅಂತಾದರೆ ನಮ್ಮ ತೀರ್ಮಾನಗಳ ಮೇಲೇ ನಮಗೆ ಅನುಮಾನ ಬರಬೇಕು ಅಂತ 2013ರಲ್ಲಿ ಬರೆದರು. ಹಳೆಯ ತತ್ವಶಾಸ್ತ್ರದಲ್ಲೂ ಅನುಮಾನ ಇದೆ. ಈ ಮೇಜು ನಿಜವಾ, ನಾನು ಕನಸು ಕಾಣುತ್ತಿದ್ದೇನಾ ಅನ್ನುವಂಥದ್ದು. ಅದನ್ನು ಕ್ಲಾಸಿನಲ್ಲಿ ಬಿಟ್ಟು ಮನೆಗೆ ಬಂದು ಊಟ ಮಾಡಬಹುದು. ಇದನ್ನು ಬಿಟ್ಟು ಬರಲು ಆಗಲ್ಲ. ಇವತ್ತು ಮೀಟಿಂಗಿನಲ್ಲಿ ಯಾರ ಮಾತು ಪೆದ್ದು ಅನಿಸಿತು, ಯಾರ ಮಾತಿಗೆ ತೂಕ ಇದೆ ಅನಿಸಿತು, ಅದನ್ನು ತೂಗಿದ ತಕ್ಕಡಿಯೇ ಸರಿ ಇದೆಯೋ ಇಲ್ಲವೋ ಅನ್ನುವ ಅನುಮಾನ ಇದು.

ಇಲ್ಲಿವರೆಗೆ ಹೇಳಿದ್ದು ನಂಬುವ, ನಂಬದಿರುವ ಮಾತು. ಇದಕ್ಕಿಂತ ಕೆಳಗಿನ ಒಂದು ಮೆಟ್ಟಿಲಿದೆ. ಮಾತು ಆಡಿದರೂ ಅದು ಮಾತಾಗದೇ ಹೋಗುವುದು.

ಜೆ. ಎಲ್. ಆಸ್ಟಿನ್ ಎಂಬ ಆಕ್ಸ್‌ಫರ್ಡಿನ ಮೇಷ್ಟ್ರು 1955ರಲ್ಲಿ ಹಾರ್ವರ್ಡಿನಲ್ಲಿ ಉಪನ್ಯಾಸ ಕೊಟ್ಟರು. ಮಾತು ಬರೀ ಸುದ್ದಿ ಹೇಳುವುದಿಲ್ಲ, ಕೆಲಸ ಮಾಡುತ್ತದೆ ಅನ್ನುವುದು ಅವರ ವಾದ. "ಮಾತು ಕೊಟ್ಟಿದ್ದೇನೆ" ಅಂದರೆ ಮಾತು ಕೊಟ್ಟಾಯಿತು. ಹರಾಜಿನಲ್ಲಿ "ಮೂರು ಸಾರಿ" ಅಂದರೆ ವ್ಯಾಪಾರ ಆಯಿತು. ಆದರೆ ಕೆಲಸ ಆಗಬೇಕಾದರೆ ಆಡುವವರಿಗೆ ಅಧಿಕಾರ ಇರಬೇಕು, ಕೇಳುವವರು ಅದನ್ನು ಆ ಕೆಲಸ ಅಂತಲೇ ತೆಗೆದುಕೊಳ್ಳಬೇಕು. ತತ್ವಶಾಸ್ತ್ರಜ್ಞೆ ರೇ ಲ್ಯಾಂಗ್ಟನ್ ಇದನ್ನು 1993ರಲ್ಲಿ ಹೆಣ್ಣುಮಕ್ಕಳ ನಿರಾಕರಣೆಗೆ ಹಚ್ಚಿ ನೋಡಿದರು. (ಇವರು ಹುಟ್ಟಿದ್ದು ಪಂಜಾಬಿನ ಲುಧಿಯಾನದಲ್ಲಿ, ಶಾಲೆ ಓದಿದ್ದು ನಮ್ಮ ಪಕ್ಕದ ನೀಲಗಿರಿಯಲ್ಲಿ.) ನಾಟಕದ ನಟ ರಂಗದ ಮೇಲೆ ನಿಂತು "ಬೆಂಕಿ, ಬೆಂಕಿ" ಅಂತ ಕೂಗುತ್ತಾನೆ. ನಿಜವಾಗಲೂ ಬೆಂಕಿ ಬಿದ್ದಿದೆ. ಜನ ಚಪ್ಪಾಳೆ ಹೊಡೆಯುತ್ತಾರೆ. ಪದ ಸರಿ, ಗಂಟಲು ಸರಿ, ಎಚ್ಚರಿಕೆ ಕೊಟ್ಟ ಹಾಗೆ ಮಾತ್ರ ಆಗಲಿಲ್ಲ. ಹೆಣ್ಣು ಬೇಡ ಅಂದಾಗ ಅದು ನಿರಾಕರಣೆ ಅಂತಲೇ ಕಿವಿಗೆ ಬೀಳದ ಜಾಗವನ್ನು ಸಮಾಜ ಕಟ್ಟಿಬಿಟ್ಟರೆ, ಅವಳಿಗೆ ನಾಲಗೆ ಇದ್ದೂ ನಿರಾಕರಿಸುವ ಶಕ್ತಿ ಇರುವುದಿಲ್ಲ ಅನ್ನುವುದು ಲ್ಯಾಂಗ್ಟನ್ ವಾದ. ಇದು ತೀರಾ ಕಲ್ಪನೆ ಅನ್ನುವವರು 2017ರ ದೆಹಲಿ ಹೈಕೋರ್ಟಿನ ಒಂದು ತೀರ್ಪು ನೋಡಬಹುದು. ಕ್ಷೀಣವಾದ "ನೋ" ಕೆಲವೊಮ್ಮೆ "ಎಸ್" ಆಗಿರುವುದೂ ಉಂಟು ಅಂತ ಅದರಲ್ಲಿದೆ.

ಇದಕ್ಕೆ ಮಥುರಾ ಪ್ರಕರಣವನ್ನು ಪಕ್ಕದಲ್ಲಿ ಇಟ್ಟು ನೋಡಬೇಕು ಅಂತ ನನಗೆ ತುಂಬಾ ದಿನದಿಂದ ಇತ್ತು. 1972ರ ಮಾರ್ಚ್, ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆ. ಹದಿನಾಲ್ಕರಿಂದ ಹದಿನಾರು ವಯಸ್ಸಿನ, ಕೂಲಿ ಮಾಡುವ ಆದಿವಾಸಿ ಹುಡುಗಿ. ಮನೆಯವರ ಒಂದು ದೂರಿನ ಸಂಬಂಧ ರಾತ್ರಿ ಹೇಳಿಕೆ ಕೊಡಲು ಬಂದವಳು. ಉಳಿದವರನ್ನು ಹೊರಗೆ ಕಳಿಸಿ ಅವಳನ್ನು ಮಾತ್ರ ಒಳಗೆ ಉಳಿಸಿಕೊಂಡರು. ಠಾಣೆಯೊಳಗೇ ಪೊಲೀಸರಿಂದ ಅತ್ಯಾಚಾರವಾಯಿತು ಅಂತ ದೂರು. ಸೆಷನ್ಸ್ ನ್ಯಾಯಾಲಯ ಅವಳನ್ನು ಸುಳ್ಳುಗಾತಿ ಅಂದು ಆರೋಪಿಗಳನ್ನು ಬಿಟ್ಟಿತು. ಬಾಂಬೆ ಹೈಕೋರ್ಟ್ ತಿರುಗಿಸಿತು. ಹೆದರಿ ಸುಮ್ಮನಾಗುವುದು ಬೇರೆ, ಒಪ್ಪುವುದು ಬೇರೆ ಅಂತ ಹೇಳಿ ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಿರುಗಿಸಿತು. ಮೈಮೇಲೆ ಗಾಯವಿಲ್ಲ. ಆದ್ದರಿಂದ ಪ್ರತಿರೋಧದ ಕಥೆ ಸುಳ್ಳು, ನಡೆದದ್ದು ಶಾಂತವಾಗಿಯೇ ನಡೆದಿದೆ ಎಂದಿತು.

ಕಿರುಚಿದೆ ಅಂತ ಅವಳು ಹೇಳಿದಳು, ಅದು ಲೆಕ್ಕಕ್ಕೆ ಬರಲಿಲ್ಲ. ಬೇಡ ಅಂದದ್ದು ಅಂದಿನ ರಾತ್ರಿ ಠಾಣೆಯಲ್ಲಿ ಕೆಲಸ ಮಾಡಲಿಲ್ಲ. ಬೇಡ ಅಂದೆ ಅಂತ ಹೇಳಿದ್ದು ಆರು ವರ್ಷ ಆದ ಮೇಲೆ ಕೋರ್ಟಿನಲ್ಲೂ ಕೆಲಸ ಮಾಡಲಿಲ್ಲ. ನಿರಾಕರಣೆಗೆ ರಕ್ತ ಬೇಕಿತ್ತು.

ಇದಾದ ಮರುವರ್ಷ ನಾಲ್ವರು ಕಾನೂನು ಪ್ರಾಧ್ಯಾಪಕರು, ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್ ಮತ್ತು ರಘುನಾಥ ಕೇಳ್ಕರ್, ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ದೇಶದ ಬೇರೆ ಬೇರೆ ಊರುಗಳಲ್ಲಿ ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು. ಪೊಲೀಸ್ ವಶದಲ್ಲಿ ನಡೆದ ಅತ್ಯಾಚಾರದಂಥ ಕೆಲವು ಪ್ರಕರಣಗಳಲ್ಲಿ, ಸಂಭೋಗ ನಡೆದದ್ದು ಸಾಬೀತಾಗಿ, ಒಪ್ಪಿಗೆ ಇರಲಿಲ್ಲ ಅಂತ ಅವಳು ಸಾಕ್ಷಿ ಹೇಳಿದರೆ, ಒಪ್ಪಿಗೆ ಇರಲಿಲ್ಲ ಎಂದೇ ನ್ಯಾಯಾಲಯ ಭಾವಿಸಬೇಕು. ಆಗಿನ ಸಾಕ್ಷಿ ಕಾಯಿದೆಗೆ ಸೇರಿದ 114ಎ ಸೆಕ್ಷನ್ ಇದು. (2024ರ ಜುಲೈನಿಂದ ಆ ಕಾಯಿದೆಯ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದು 120ನೇ ಸೆಕ್ಷನ್.) ಅಲ್ಲ ಅಂತ ತೋರಿಸುವ ಭಾರ ಇನ್ನೊಂದು ಕಡೆಗೆ.

ಈ ಸೆಕ್ಷನ್ ನನಗೆ ಬಹಳ ಇಷ್ಟ. ನ್ಯಾಯಾಧೀಶರ ಮನಸ್ಸು ಬದಲಾಗಲಿ ಅಂತ ಅದು ಕಾಯುವುದಿಲ್ಲ. ಅವರೊಳಗೆ ಯಾವ ಚಿತ್ರ ಇದೆ ಅಂತ ಕೆದಕುವುದಿಲ್ಲ. ಅವಳ ಮಾತಿಗೆ ಮಾಡುವ ಕೆಲಸ ಒಂದನ್ನು ಗೊತ್ತು ಮಾಡಿಕೊಡುತ್ತದೆ. ಅವಳು ಆ ಮಾತು ಆಡಿದ ಕೂಡಲೇ ಕೋರ್ಟಿನಲ್ಲಿ ಏನೋ ಒಂದು ಜರುಗಲೇಬೇಕು. ಆಸ್ಟಿನ್ ಹೇಳಿದ್ದು ಶಾಸನವಾದ ಹಾಗಿದೆ. 2013ರ ತಿದ್ದುಪಡಿಯಲ್ಲಿ ಇನ್ನೊಂದು ಸೇರಿತು: ದೈಹಿಕವಾಗಿ ಪ್ರತಿರೋಧಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿದಳು ಅಂತ ತಿಳಿಯುವಂತಿಲ್ಲ. ಗಾಯ ಹುಡುಕುವ ತರ್ಕಕ್ಕೆ ಅಲ್ಲಿಗೆ ಬೀಗ ಬಿತ್ತು, ಕಾಗದದ ಮೇಲಂತೂ.

ಕೋರ್ಟು ಸಾಕು, ಊರಿಗೆ ಬರೋಣ.

ನನ್ನ ತಾಯಿಯ ಊರು ತುಮಕೂರು ಕಡೆ. ಅಲ್ಲಿಯ ಗ್ರಾಮ ಪಂಚಾಯ್ತಿಯ ಒಂದು ಸಭೆಗೆ ಹೋಗಿ ಕೂತಿದ್ದೆ. ಅಧ್ಯಕ್ಷೆ ಮೂವತ್ತರ ಆಸುಪಾಸಿನವರು, ಪಿಯುಸಿ ಓದಿದವರು, ಲೆಕ್ಕಪತ್ರ ಬಾಯಲ್ಲೇ ಇತ್ತು. ಹೊಸ ಬೋರ್‌ವೆಲ್ ನೀರು ಮೊದಲು ಎಲ್ಲಿಗೆ ಅನ್ನುವುದು ಚರ್ಚೆ. "ಮೊದ್ಲು ಕಾಲೋನಿಗೆ ಲೈನ್ ಎಳೀರಿ, ಆಮೇಲೆ ಮೇಗಳ ಬೀದಿ" ಅಂದರು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಪೆನ್ನು ಎತ್ತಿದರು, ಬರೆಯಲಿಲ್ಲ. ಬಾಗಿಲ ಹತ್ತಿರ ಬೈಕಿನ ಕೀ ತಿರುಗಿಸುತ್ತಾ ನಿಂತಿದ್ದ ಅಧ್ಯಕ್ಷೆಯ ಗಂಡನ ಕಡೆ ನೋಡಿದರು. "ಏನಣ್ಣ, ಹಂಗೇ ಬರ್ಕಳಾ?" ಅವರು ತಲೆಯಾಡಿಸಿದರು. ನಡಾವಳಿ ಪುಸ್ತಕದಲ್ಲಿ ಸಾಲು ಬಿತ್ತು. ಕೆಳಗೆ ಸಹಿ ಅಧ್ಯಕ್ಷೆಯದೇ. ಅವರನ್ನು ನೀರುಗಂಟಿಯಿಂದ ಹಿಡಿದು ಎಲ್ಲರೂ "ಅಕ್ಕ" ಅಂತ ಗೌರವದಿಂದಲೇ ಕರೆಯುತ್ತಿದ್ದರು. "ಅಧ್ಯಕ್ಷ್ರು" ಅಂತ ಕರೆಯುತ್ತಿದ್ದದ್ದು ಗಂಡನನ್ನು.

ಇಲ್ಲಿ ಯಾರೂ ಆಕೆಗೆ ಎದುರು ಮಾತಾಡಲಿಲ್ಲ. ಹೇಳಿದ್ದು ಸರಿಯಿಲ್ಲ ಅನ್ನಲಿಲ್ಲ. ಗಂಡನೂ ಒಳ್ಳೆಯವನೇ, ಅಡ್ಡ ಹಾಕಲಿಲ್ಲ. ಆದರೆ ಆಕೆ ಕೊಟ್ಟದ್ದು ಆದೇಶ, ತಲುಪಿದ್ದು ಒಂದು ಸಲಹೆ. ಗಂಡನ ತಲೆಯಾಟದಿಂದ ಅದು ಮತ್ತೆ ಆದೇಶವಾಯಿತು. ಕ್ವಿಲ್ ಕುಕ್ಲಾ ಎಂಬ ತತ್ವಶಾಸ್ತ್ರಜ್ಞರು 2014ರ ಲೇಖನದಲ್ಲಿ ಇದನ್ನೇ ಒಂದು ಕಾರ್ಖಾನೆಯ ಉದಾಹರಣೆಯಿಂದ ಹೇಳಿದ್ದಾರೆ. ಗಂಡಸರೇ ತುಂಬಿದ ಕಾರ್ಖಾನೆ, ಹೆಣ್ಣು ಮ್ಯಾನೇಜರ್. ಹುದ್ದೆ ಅವಳದ್ದು, ಅಧಿಕಾರ ಅವಳದ್ದು, ಮಾತಿನ ಧಾಟಿಯೂ ಸರಿಯಾದದ್ದೇ. ಅವಳು ಕೊಡುವ ಆದೇಶಗಳು ಕೆಲಸಗಾರರ ಕಿವಿಯಲ್ಲಿ ವಿನಂತಿಗಳಾಗಿಬಿಡುತ್ತವೆ. ವಿನಂತಿ ಅಂದ ಮೇಲೆ ಬೇಕಾದರೆ ಮಾಡಬಹುದು, ಬೇಡವಾದರೆ ಬಿಡಬಹುದು. ಅವಳು ಒತ್ತಿ ಹೇಳಿದರೆ ಜೋರಿನ ಹೆಂಗಸು.

ಒಂದೇ ಮಾತು ಎರಡು ದನಿಯಲ್ಲಿ ಬಂದರೆ ಏನಾಗುತ್ತದೆ ಅಂತ ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿದ್ದಾರೆ. ಲೋರಿ ಬೀಮನ್, ರಾಘವೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡಫ್ಲೋ, ರೋಹಿಣಿ ಪಾಂಡೆ, ಪೆಟಿಯಾ ಟೊಪಲೋವಾ ಸೇರಿ 2009ರಲ್ಲಿ ಪ್ರಕಟಿಸಿದ ಅಧ್ಯಯನ. ಜಾಗ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆ. ಅಲ್ಲಿ ಯಾವ ಪಂಚಾಯ್ತಿಗೆ ಹೆಣ್ಣು ಪ್ರಧಾನ್ (ನಮ್ಮ ಅಧ್ಯಕ್ಷೆಯ ಹಾಗೆ) ಅನ್ನುವುದು ಒಂದು ಥರ ಲಾಟರಿಯ ಹಾಗೆ ಬರುತ್ತಿತ್ತು. ಹಾಗಾಗಿ ಮೀಸಲಾತಿ ಬಂದ ಹಳ್ಳಿ, ಬರದ ಹಳ್ಳಿ ಹೋಲಿಸಿ ನೋಡಲು ಅನುಕೂಲ. ಹಳ್ಳಿಯವರಿಗೆ ಒಬ್ಬ ನಾಯಕರ ಭಾಷಣ ಕೇಳಿಸಿದರು. ಮಾತು ಒಂದೇ. ಕೆಲವರಿಗೆ ಗಂಡು ದನಿ, ಕೆಲವರಿಗೆ ಹೆಣ್ಣು ದನಿ. ಹೆಣ್ಣು ಪ್ರಧಾನರನ್ನೇ ಕಾಣದ ಹಳ್ಳಿಗಳಲ್ಲಿ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಹೆಣ್ಣು ಪ್ರಧಾನರನ್ನು ಕಂಡಿದ್ದ ಕಡೆ ಆ ಅಂತರ ಅಳಿಸಿಹೋಗಿತ್ತು.

ಇನ್ನೂ ಸ್ವಾರಸ್ಯ ಇದೆ. ನಿಮಗೆ ಗಂಡು ನಾಯಕ ಬೇಕಾ ಹೆಣ್ಣು ನಾಯಕಿ ಬೇಕಾ ಅಂತ ನೇರವಾಗಿ ಕೇಳಿದರೆ ಉತ್ತರ ಬದಲಾಗಿರಲಿಲ್ಲ. ಗಂಡೇ ಬೇಕು. ಬಾಯಿ ಹಳೇದನ್ನೇ ಹೇಳುತ್ತಿತ್ತು, ಕಿವಿ ಮಾತ್ರ ಬದಲಾಗಿತ್ತು. ಇನ್ನೊಂದು ವಿಷಯ: ಮೊದಲ ಸಲ ಮೀಸಲಾತಿಯಿಂದ ಬಂದ ಹೆಣ್ಣು ಪ್ರಧಾನರಿಗೆ ಊರಿನವರು ಕಡಿಮೆ ಅಂಕವನ್ನೇ ಕೊಟ್ಟಿದ್ದರು. ಎರಡನೇ ಸಲದ ಹೊತ್ತಿಗೆ ಅದು ಸರಿಹೋಯಿತು. ಎರಡು ಚುನಾವಣೆಗಳಲ್ಲಿ ಸತತವಾಗಿ ಮೀಸಲಾಗಿದ್ದ ಕಡೆ ಆಮೇಲೆ ಹೆಂಗಸರು ಹೆಚ್ಚು ಹೆಚ್ಚು ನಿಂತರು, ಗೆದ್ದರು. ಒಂದು ಅವಧಿ ಸಾಲದು, ಎರಡು ಬೇಕು.

ಈಗ ಇಂಪ್ಲಿಸಿಟ್ ಬಯಾಸ್ ಪರೀಕ್ಷೆಯ ಬಗ್ಗೆ ಎರಡು ಮಾತು, ಯಾಕಂದರೆ ಯಾರಾದರೂ ಕೇಳೇ ಕೇಳುತ್ತಾರೆ. ಕಂಪ್ಯೂಟರ್ ಮುಂದೆ ಕೂತು ಪದಗಳನ್ನು ಬೇಗ ಬೇಗ ವಿಂಗಡಿಸುವ ಈ ಪರೀಕ್ಷೆ ಬಂದದ್ದು 1998ರಲ್ಲಿ, ಆಂಟನಿ ಗ್ರೀನ್‌ವಾಲ್ಡ್ ಮತ್ತು ಜೊತೆಗಾರರಿಂ‌ದ. "ಹೆಣ್ಣು" ಮತ್ತು "ಮನೆ" ಒಂದೇ ಗುಂಡಿಯಲ್ಲಿದ್ದರೆ ಬೆರಳು ಬೇಗ ಓಡುತ್ತದೆ, "ಹೆಣ್ಣು" ಮತ್ತು "ಉದ್ಯೋಗ" ಒಂದರಲ್ಲಿದ್ದರೆ ತಡವರಿಸುತ್ತದೆ. ನಾನೂ ಮಾಡಿ ನೋಡಿದ್ದೇನೆ. ಒಂದು ಸಲ ಬಂದ ಫಲಿತಾಂಶ ಇನ್ನೊಂದು ಸಲ ಬರಲಿಲ್ಲ. ಬಹಳ ಜನಕ್ಕೆ ಹಾಗೇ ಆಗುತ್ತದೆ. ಇಂಥ ಅಳತೆಗಳನ್ನು ಬದಲಿಸಲು ಮಾಡಿದ 492 ಅಧ್ಯಯನಗಳನ್ನು 2019ರಲ್ಲಿ ಒಟ್ಟಿಗೆ ಹಾಕಿ ನೋಡಿದರು. ಅಂಕ ಸ್ವಲ್ಪ ಬದಲಾಗುತ್ತದೆ, ಅದರಿಂದ ನಡವಳಿಕೆ ಬದಲಾದದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಕಂಪನಿಗಳು ಅರ್ಧ ದಿನದ ತರಬೇತಿ ಮಾಡಿಸಿ, ಸಮೋಸ ಕೊಟ್ಟು, ಪೂರ್ವಗ್ರಹ ಮುಗೀತು ಅಂತ ಟಿಕ್ ಹಾಕುವುದನ್ನು ನೋಡಿದರೆ ನನಗೆ ನಗು ಬರುತ್ತದೆ. ಪೂರ್ವಗ್ರಹ ಇಲ್ಲ ಅಂತಲ್ಲ. ಅದು ಒಬ್ಬೊಬ್ಬರ ತಲೆಯೊಳಗಿನ ಕೊಳೆ, ತೊಳೆದರೆ ಹೋಗುತ್ತದೆ ಅನ್ನುವ ಲೆಕ್ಕಾಚಾರ ಸರಿ ಇಲ್ಲ.

ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ನ್ಯಾಯಾಧೀಶರಿಗೆ ಒಂದು ಕೈಪಿಡಿ ತಂದಿತು. ಯಾವ ಪದ ಬಳಸಬಾರದು, ಬದಲಿಗೆ ಯಾವುದು ಬಳಸಬೇಕು ಅಂತ ಪಟ್ಟಿ ಇದೆ. ಅದು ಬೇಕು. ಆದರೆ ಆ ಪಟ್ಟಿಗಿಂತ ಅದರ ಇನ್ನೊಂದು ಭಾಗ ಮುಖ್ಯ ಅಂತ ನನ್ನ ಅಭಿಪ್ರಾಯ. ದೌರ್ಜನ್ಯಕ್ಕೆ ಒಳಗಾದವರು ಅಳುತ್ತಲೇ ಇರುತ್ತಾರೆ, ತಕ್ಷಣ ದೂರು ಕೊಡುತ್ತಾರೆ ಅನ್ನುವಂಥ ಊಹೆಗಳನ್ನು ಬರೆದು, ವಾಸ್ತವ ಹೀಗಲ್ಲ ಅಂತ ಪಕ್ಕದಲ್ಲಿ ಬರೆದಿದ್ದಾರೆ. ಒಬ್ಬೊಬ್ಬರು ಒಂದೊಂದು ಥರ ಇರುತ್ತಾರೆ ಅನ್ನುವುದೇ ಅದರ ಸಾರ. ಕೆಟ್ಟ ಪದ ತೆಗೆದರೆ ಸಾಲದು, ಆ ವಾಕ್ಯದ ಆಕಾರಕ್ಕೇ ಕೈ ಹಾಕಬೇಕು. "ಸಂತ್ರಸ್ತೆಯರು ಹೀಗೆ ನಡೆದುಕೊಳ್ಳುವುದಿಲ್ಲ" ಅಂತ ಎಷ್ಟು ಮರ್ಯಾದೆಯ ಪದಗಳಲ್ಲಿ ಬೇಕಾದರೂ ಬರೆಯಬಹುದಲ್ಲ.

ಹಾಗಾದರೆ ಹೆಂಗಸು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ನಂಬಬೇಕಾ? ಈ ಪ್ರಶ್ನೆ ಬರುತ್ತದೆ, ನನ್ನ ತಮ್ಮನೇ ಕೇಳಿದ. ಇಲ್ಲ ಅಂತಲೇ ಹೇಳಿದೆ. ಹೆಣ್ಣು ಸುಳ್ಳು ಹೇಳಲ್ಲ ಅನ್ನುವುದೂ ಅದೇ ಜಾತಿಯ ವಾಕ್ಯ, ಅದು 1983ರ ತೀರ್ಪಿನ ದಾರಿ. "ಈ ಹೆಂಗಸು, ಈ ದಿನ, ಈ ಮಾತು" ಅಂತ ಕೇಳಿಸಿಕೊಳ್ಳಲಿ ಅನ್ನುವುದಷ್ಟೇ ನನ್ನ ಬೇಡಿಕೆ. ಈ ಜಾರ್ಪಿ, ಎಲ್ಲ ಜಾರ್ಪಿಗಳಲ್ಲ. ಅವನು "ಅಷ್ಟು ತಾಳ್ಮೆ ಯಾರಿಗಿದೆ ಅಕ್ಕ" ಅಂದ. ನಿಜ, ಜೆನೆರಿಕ್ ಇರುವುದೇ ತಾಳ್ಮೆ ಉಳಿಸಲಿಕ್ಕೆ. ಅದಕ್ಕೇ ನನಗೆ ಮನಸ್ಸು ತೊಳೆಯುವ ಯೋಜನೆಗಳಿಗಿಂತ 114ಎ ಸೆಕ್ಷನ್ ಮೇಲೆ, ಮೀಸಲು ಕುರ್ಚಿಯ ಮೇಲೆ ಜಾಸ್ತಿ ನಂಬಿಕೆ. ಕೇಳುವವನ ಸೌಜನ್ಯವನ್ನು ನೆಚ್ಚಿಕೊಳ್ಳದೆ ಕೆಲಸ ಮಾಡುತ್ತವೆ ಅವು.

ಕುರ್ಚಿಯ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ಮುಂದಿತ್ತು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಹೆಣ್ಣುಮಕ್ಕಳಿಗೆ ಮೂರನೇ ಒಂದು ಸ್ಥಾನ ಕೊಡುವ ಮೊದಲೇ, 1987ರ ಚುನಾವಣೆಯಲ್ಲಿ ಇಲ್ಲಿ ಶೇಕಡಾ 25 ಮೀಸಲಿತ್ತು. ಈಗ ಅರ್ಧಕ್ಕರ್ಧ. ನನ್ನ ತಕರಾರು ಒಂದೇ. ಸದಸ್ಯರ ಅವಧಿ ಐದು ವರ್ಷ, ಅಧ್ಯಕ್ಷರ ಅವಧಿ ಮಾತ್ರ ಮೂವತ್ತು ತಿಂಗಳು. ಅಷ್ಟರಲ್ಲಿ ಮೀಸಲಾತಿ ಪಟ್ಟಿ ತಿರುಗುತ್ತದೆ, ಕುರ್ಚಿ ಬೇರೆಯವರಿಗೆ ಹೋಗುತ್ತದೆ. ನಾನು ನೋಡಿದ ಅಧ್ಯಕ್ಷೆಗೂ ಹಾಗೇ ಆಯಿತು. ಕೊನೆಕೊನೆಗೆ ಪಿಡಿಒ ಬಾಗಿಲ ಕಡೆ ನೋಡದೆಯೇ ಬರೆದುಕೊಳ್ಳಲು ಶುರು ಮಾಡಿದ್ದರಂತೆ, ಅಮ್ಮ ಹೇಳಿದರು. ಅಷ್ಟರಲ್ಲಿ ಅವಧಿ ಮುಗಿಯಿತು. ಬೀರ್‌ಭೂಮ್‌ನಲ್ಲಿ ಊರಿನವರು ಕೊಡುವ ಅಂಕ ಸರಿಹೋಗಲು ಎರಡನೇ ಅವಧಿ ಬೇಕಾಯಿತು, ನಮ್ಮಲ್ಲಿ ಅರ್ಧ ಅವಧಿಗೇ ಎದ್ದೇಳಿ ಅನ್ನುತ್ತೇವೆ. ಈ ಸಲ ಅವರು ಜನರಲ್ ಸೀಟಿಗೆ ಅರ್ಜಿ ಹಾಕುತ್ತಾರಂತೆ. ಗಂಡನನ್ನು ಕೇಳಿದರಾ ಅಂತ ನಾನು ಅಮ್ಮನನ್ನು ಕೇಳಲಿಲ್ಲ.